ಜರ್ಮನ್ ಸ್ವಾಮಿಗಳ ಪುರಾಣ

ಹೋದ ವಾರ, ಶ್ರಾವಣಕ್ಕೆಂದು ಊರಿಗೆ ಹೊರಟವಳು ಯಲವಿಗಿ ಸ್ಟೇಶನ್ನಿನಲ್ಲಿ ಇಳಿದೆ. ಹುಬ್ಬಳ್ಳಿ ಕಡೆಯ ಗಾಡಿಗಾಗಿ ಸವಣೂರಿನ ಎಲೆಬುಟ್ಟಿಗಳು ಸಾಲಾಗಿ ಕಾಯುತ್ತಿದ್ದವು. ಬುಟ್ಟಿಯ ಬಾಯಿಗೆ ಬಾಳೆ ಎಲೆ ಹೊದಿಸಿ ಮೇಲೆ ನೀರು ಚಿಮುಕಿಸಿದ್ದರು. ಹಸಿ ವೀಳ್ಯದೆಲೆಗೆ ಅರ್ಧ ಖಾರದ, ಅರ್ಧ ಮಣ್ಣಿನ ಒಂದು ವಾಸನೆ ಇದೆ. ಅಷ್ಟರಲ್ಲಿ ಗೇಟಿನ ಕಡೆಯಿಂದ ಒಬ್ಬ ಫಕೀರ ಲೋಬಾನದ ಹೊಗೆ ಹಾಕುತ್ತ ಬಂದ. ಎರಡೂ ವಾಸನೆ ಸೇರಿದವು. ಟ್ರಂಕಿನ ಮೇಲೆ ಕುಳಿತುಬಿಟ್ಟೆ. ಯುದ್ಧ ಶುರುವಾದ ಮರುವರ್ಷದ ಶ್ರಾವಣದಲ್ಲಿ, ಇದೇ ಕಲ್ಲುಹಾಸಿನ ಮೇಲೆ, ಇದೇ ಎರಡು ವಾಸನೆಗಳ ನಡುವೆ ನಾನು ಒಂದು ಪುಸ್ತಕ ಹಿಡಿದು ನಿಂತಿದ್ದೆ.

ಆ ಬೆಳಿಗ್ಗೆ ಜಿಟಿಜಿಟಿ ಮಳೆ ಇತ್ತೆಂದು ಇಷ್ಟು ವರ್ಷ ನಂಬಿದ್ದೆ. ಊರಿನಿಂದ ಮರಳಿದ ಮೇಲೆ ಹಳೆಯ ದಿನಚರಿ ತೆಗೆದು ನೋಡಿದರೆ, ‘ಬಿಸಿಲು, ವಿಪರೀತ ಸೆಕೆ’ ಎಂದು ನನ್ನದೇ ಅಕ್ಷರದಲ್ಲಿದೆ. ಹಾಗಾದರೆ ನನ್ನ ನೆನಪಿನಲ್ಲಿ ಸುರಿಯುತ್ತಿರುವ ಮಳೆ ಯಾವುದು? ಯಾರನ್ನಾದರೂ ಕಳಿಸಿಕೊಡುವ ಹೊತ್ತಿಗೆ ಮಳೆ ಇದ್ದರೆ ಒಪ್ಪುತ್ತದೆಂದು ಮನಸ್ಸೇ ಸುರಿಸಿಕೊಂಡಿತೋ ಏನೋ. ಆದ್ದರಿಂದ ಇಲ್ಲಿ ಬರೆಯುವುದನ್ನು ನಾನೇ ಅರ್ಧ ಅನುಮಾನದಿಂದ ಬರೆಯುತ್ತಿದ್ದೇನೆ. ಆಡಿದ ಮಾತುಗಳು ಮಾತ್ರ ಹೆಚ್ಚುಕಡಿಮೆ ಸರಿಯಾಗಿವೆ. ಕಣ್ಣಿಗಿಂತ ಕಿವಿ ಕಡಿಮೆ ಸುಳ್ಳು ಹೇಳುತ್ತದೆ ಎಂಬುದು ನನ್ನ ನಂಬಿಕೆ. ಅದೂ ಎಷ್ಟು ಗಟ್ಟಿಯೋ ಗೊತ್ತಿಲ್ಲ.

ಆ ವರ್ಷ ನಾನು ಪುಣೆಯಲ್ಲಿ ತತ್ತ್ವಶಾಸ್ತ್ರ ಓದಿ ಬಿ.ಎ. ಮುಗಿಸಿ ಹಾನಗಲ್ಲಿಗೆ ಮರಳಿದ್ದೆ. ಅಪ್ಪ ಅಲ್ಲಿ ವಕೀಲರು. ಬಂದ ತಿಂಗಳೊಳಗೇ ಆ ಕಡೆಯ ಗದ್ದೆಗಳ ಚಳಿಜ್ವರ ಹಿಡಿಯಿತು. ಕಂಬಳಿ ಹೊದ್ದು ನಡುಗುವ ಮಗಳನ್ನು ಯಾವ ವರನಿಗೂ ತೋರಿಸುವಂತಿರಲಿಲ್ಲ. ‘ಗದ್ದೆ ಇಲ್ಲದ ಕಡೆ ಹೋಗಿ ಮೈ ಹಿಡಿಸಿಕೊಂಡು ಬಾ’ ಎಂದು ಅಪ್ಪ ನನ್ನನ್ನು ದೊಡ್ಡವ್ವನ ಊರಿಗೆ ಕಳಿಸಿದರು. ಸವಣೂರಿನಿಂದ ಯಲವಿಗಿಗೆ ಹೋಗುವ ದಾರಿಯಲ್ಲಿದೆ ಆ ಊರು. ಕಪ್ಪು ಎರೆಯ ಹೊಲ, ಜೋಳ, ಹತ್ತಿ, ಮೆಣಸಿನಗಿಡ. ಮಳೆ ಬಿದ್ದ ಮರುದಿನ ಹೊರಗೆ ಹೋದರೆ ಎರೆಮಣ್ಣು ಕಾಲಿಗೆ ಮೆತ್ತಿ, ಹೆಜ್ಜೆ ಹೆಜ್ಜೆಗೂ ಒಂದು ಹಿಡಿ ನೆಲ ನಮ್ಮ ಜೊತೆಗೇ ಬರುತ್ತಿತ್ತು.

ದೊಡ್ಡವ್ವ ಎಂದರೆ ನನ್ನ ಅವ್ವನ ಅಕ್ಕ. ಹಿರೇಕೆರೂರು ಕಡೆ ಹುಟ್ಟಿ, ಅಲ್ಲಿಯೇ ಲಗ್ನವಾಗಿ, ಗಂಡ ತೀರಿದ ಮೇಲೆ ಮೈದುನರ ಜೊತೆ ಬಾಳಲಾರದೆ ತವರಿನವರು ಕೊಟ್ಟ ಈ ಊರಿನ ಹೊಲಕ್ಕೆ ಬಂದು ನೆಲೆ ನಿಂತವಳು. ಮಕ್ಕಳಿರಲಿಲ್ಲ. ಓದು ಬರುತ್ತಿರಲಿಲ್ಲ. ಕೇಳುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ. ಶ್ರಾವಣ ಬಂದರೆ ಯಾವ ಊರಲ್ಲಿ ಯಾವ ಪುರಾಣ ಹಚ್ಚಿದ್ದಾರೆಂದು ತಿಳಿದು ಎರಡು ಹರಿದಾರಿ ನಡೆದಾದರೂ ಹೋಗಿ ಕುಳಿತುಕೊಳ್ಳುತ್ತಿದ್ದಳು.

ಊರ ಹೊರಗೆ ಪಾದ್ರಿಯೊಬ್ಬರ ಮನೆ ಇತ್ತು. ಹೆಂಚಿನ ಮನೆ, ಪಕ್ಕದಲ್ಲಿ ಶಿಲುಬೆಯ ಸಣ್ಣ ಗುಡಿ, ಮುಂದೆ ಉದ್ದನೆಯ ಪಡಸಾಲೆ. ಪಡಸಾಲೆಯ ಒಂದು ತುದಿಯಲ್ಲಿ ಔಷಧದ ಕಪಾಟು. ಅವರು ಇಟಲಿಯವರು, ಬಂದು ಎಷ್ಟೋ ವರ್ಷವಾಗಿತ್ತು. ಕೇರಿಯ ಒಂದಿಷ್ಟು ಮನೆಗಳವರು ಅವರ ಮತಕ್ಕೆ ಸೇರಿದ್ದರು. ಉಳಿದ ಊರಿನವರು ಅವರ ಔಷಧಕ್ಕೆ ಸೇರಿದ್ದರು. ಎಲ್ಲರೂ ಅವರನ್ನು ಪಾದ್ರಿ ಅಜ್ಜಾರು ಎನ್ನುತ್ತಿದ್ದರು. ಕ್ವಿನೈನಿಗೆಂದು ನಾನು ಹೋದಾಗ ಅವರು ಬಾಟಲಿಯನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು, ಮೂಸಿ, ಅಲ್ಲಾಡಿಸಿ, ಆಮೇಲೆ ಕೊಟ್ಟರು. ಎರಡೂ ಕಣ್ಣಿಗೆ ಪೊರೆ ಬಂದಿತ್ತು.

“ಏನ ಓದೀಯವಾ?” ಎಂದರು.

ತತ್ತ್ವಶಾಸ್ತ್ರ ಎಂದೆ.

ಅವರ ಮುಖ ಅರಳಿದ ರೀತಿ ನನಗೆ ಚೆನ್ನಾಗಿ ನೆನಪಿದೆ. ಒಳಗೆ ಹೋಗಿ, ಗೋಡೆ ತಡವುತ್ತ, ಮೂರು ಪುಸ್ತಕ ತಂದರು. ಮೂರೂ ಒಬ್ಬರೇ ಬರೆದವು; ಇಂಗ್ಲಿಷಿಗೆ ಅನುವಾದವಾದವು. ಬರೆದವರು ಜರ್ಮನಿಯ ಒಬ್ಬ ಕೆಥೋಲಿಕ್ ಪಾದ್ರಿ, ದೈವಶಾಸ್ತ್ರದ ದೊಡ್ಡ ಪಂಡಿತರು, ಈಗಲೂ ಇದ್ದಾರೆ, ಅಲ್ಲಿಯ ಸರಕಾರಕ್ಕೆ ಅವರು ಬೇಡವಾಗಿದ್ದಾರೆ ಎಂದರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಊರಿನಲ್ಲಿ ಯಾರೂ ಅವರನ್ನು ಹೆಸರಿನಿಂದ ಕರೆಯಲಿಲ್ಲ.

“ದೊಡ್ಡ ಕಣ್ಣಾಸ್ಪತ್ರಿಗೆ ಹೋಗೂತನಕ ನನಗ ಓದಾಕ ಬರೂದಿಲ್ಲ. ಅಷ್ಟು ದಿನಾ ನೀ ಓದಿ ಹೇಳ್ತಿಯೇನವಾ? ನಿನ್ನ ಜ್ವರಾನೂ ಇಳೀತೈತಿ, ನನ್ನ ಹಸಿವೂ ಇಳೀತೈತಿ.”

ಮನೆಗೆ ಬಂದು ದೊಡ್ಡವ್ವನಿಗೆ ಹೇಳಿದೆ. “ಅಜ್ಜಾರು ಭಾಳ ಛಲೋ ಮನಶ್ಯಾರು. ಊರ ಬಾಯಿ ಅಷ್ಟ ಛಲೋ ಇಲ್ಲ. ನಾನೂ ಬರ್ತೇನಿ.”

ಹೀಗೆ ನನ್ನ ಕಾವಲಿಗೆ ಬಂದವಳಿಂದಲೇ ಎಲ್ಲ ಶುರುವಾದದ್ದು.

ಮೊದಲು ಹಿಡಿದದ್ದು ಮೂರರಲ್ಲಿ ಚಿಕ್ಕ ಪುಸ್ತಕ. ಅಧ್ಯಾಯಗಳೆಲ್ಲ ಎರಡೆರಡು, ಮೂರು ಮೂರು ಪುಟದವು. ಒಂದು ಕೈಯನ್ನು ಕುರಿತು, ಒಂದು ಮೊಣಕಾಲನ್ನು ಕುರಿತು. ಹೀಗೆಯೇ ಬೂದಿ, ಗಂಟೆ, ದೀಪ, ಧೂಪ. ನನಗೆ ನಿರಾಸೆಯೇ ಆಯಿತು. ದೇವರಿದ್ದಾನೆ ಎನ್ನುವುದಕ್ಕೂ ಇಲ್ಲ ಎನ್ನುವುದಕ್ಕೂ ಪರೀಕ್ಷೆಗೆಂದು ವಾದಗಳನ್ನು ಬಾಯಿಪಾಠ ಮಾಡಿ ಬಂದವಳು ನಾನು. ಯುರೋಪಿನ ಇಷ್ಟು ದೊಡ್ಡ ಪಂಡಿತರು ಕೈಬೆರಳ ಮೇಲೆ ಅಧ್ಯಾಯ ಬರೆಯುವುದೇ?

“ಇವರು ಏನನ್ನೂ ಸಾಧಿಸುವುದಿಲ್ಲವಲ್ಲ, ಫಾದರ್” ಎಂದೆ ಇಂಗ್ಲಿಷಿನಲ್ಲಿ.

“ಇಲ್ಲ. ತೋರಿಸ್ತಾನ” ಎಂದರು ಅವರು, ಕನ್ನಡದಲ್ಲಿ.

ದೊಡ್ಡವ್ವ ಕಂಬಕ್ಕೆ ಒರಗಿ ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ನಾನು ಎರಡು ಸಾಲು ಓದುವಷ್ಟರಲ್ಲಿ, “ಏನಂತ?” ಎಂದಳು. ಹೇಳಿದೆ. ಮತ್ತೆ ಎರಡು ಸಾಲು. “ಏನಂತ?” ಕೊನೆಗೆ ಪಾದ್ರಿಯೇ, “ಮದಲ ಅವ್ವಾರಿಗೆ ಕನ್ನಡದಾಗ ಹೇಳು, ನಾನೂ ಕೇಳ್ತೇನಿ” ಎಂದರು.

ಒಳಗೆ ಆಗುವುದನ್ನೆಲ್ಲ ಮುಖಕ್ಕಿಂತ ಮೊದಲು ಕೈ ಹೇಳಿಬಿಡುತ್ತದೆ; ಆದ್ದರಿಂದ ಪ್ರಾರ್ಥನೆಗೆ ಕೈ ಜೋಡಿಸುವವನು ಕೈಯಿಂದ ಸುಳ್ಳು ಹೇಳಿಸಬಾರದು. ಆ ಅಧ್ಯಾಯದ ತಾತ್ಪರ್ಯವನ್ನು ನಾನು ಇಷ್ಟಕ್ಕೆ ಇಳಿಸಿದ್ದೆ. ದೊಡ್ಡವ್ವ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ತನ್ನ ಎಡ ಅಂಗೈ ನೋಡಿಕೊಂಡಳು. ದಿನಾ ಬೆಳಿಗ್ಗೆ ಲಿಂಗ ಇಟ್ಟುಕೊಂಡು ಕೂರುವ ಕೈ ಅದು.

“ಇಂವಾ ತಿಳದಾಂವ ಅದಾನ. ಪೂಜಾದಾಗ ಕೈಯಾಗ ಏನ ಇಟಗೊಂತಾನ?”

“ಏನೂ ಇಲ್ಲವಾ. ಬರಿಗೈ.”

“ಬರಿಗೈ?” ದೊಡ್ಡವ್ವನಿಗೆ ನಿಜವಾಗಿಯೂ ಕೆಡುಕೆನಿಸಿತು. “ಪಾಪ.”

ಪಾದ್ರಿ ನಕ್ಕ ನಗುವಿಗೆ ಅವರ ಕನ್ನಡಕ ಜಾರಿ ಮಡಿಲಿಗೆ ಬಿತ್ತು.

ಮರುದಿನ ದೊಡ್ಡವ್ವನ ಜೊತೆ ಪಕ್ಕದ ಮನೆಯ ಇಬ್ಬರು ಬಂದರು. ಅದರ ಮರುದಿನ ಐದಾರು ಮಂದಿ. ಕಳೆ ತೆಗೆದು ಹೊಲದಿಂದ ಮರಳುವವರು, ಕುರ್ಪಿ ಹಿಡಿದವರು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡವರು. ಸವಣೂರಿನಿಂದ ಎಲೆ ಹೇರಿಕೊಂಡು ಯಲವಿಗಿಗೆ ಗಾಡಿ ಹೊಡೆಯುವ ಇಮಾಮಸಾಬರು ಮರಳುವಾಗ ಎತ್ತಿಗೆ ನೀರು ಕುಡಿಸಲು ಅಲ್ಲಿ ನಿಲ್ಲುವವರು, ಅವರೂ ಮೆಟ್ಟಿಲ ಮೇಲೆ ಕುಳಿತರು. ಮಧ್ಯಾಹ್ನದ ಓದು ತಾನಾಗಿಯೇ ದೀಪ ಹಚ್ಚುವ ಹೊತ್ತಿಗೆ ಸರಿಯಿತು. ಅಷ್ಟರಲ್ಲಿ ಶ್ರಾವಣ ಹಿಡಿದಿತ್ತು. ಒಂದು ಸೋಮವಾರ ದೊಡ್ಡವ್ವ ಮನೆಯಿಂದ ಮಡಿಸುವ ವ್ಯಾಸಪೀಠ ತಂದು, ಪುಸ್ತಕವನ್ನು ಅದರ ಮೇಲಿಟ್ಟು, ಪೀಠಕ್ಕೆ ವಿಭೂತಿ ಹಚ್ಚಿ, ಮುಂದೆ ಹಣತೆ ಇಟ್ಟಳು.

ನಾನು ಪಾದ್ರಿಯ ಕಿವಿಯಲ್ಲಿ, “ಇವರೆಲ್ಲ ಇದನ್ನು ಪುರಾಣ ಅಂದುಕೊಂಡಿದ್ದಾರೆ, ತಿಳಿಸಿ ಹೇಳಲೇ?” ಎಂದು ಪಿಸುಗುಟ್ಟಿದೆ.

“ಏನಂತ ತಿಳಿಸಿ ಹೇಳ್ತಿ?” ಎಂದರು.

ನಾನು ಪುಸ್ತಕ ಬಿಚ್ಚಿದೆ. ಅಂದಿನಿಂದ ಅದು ಪುರಾಣವೇ ಆಯಿತು. ಜನರೇ ಪದ್ಧತಿ ಹಾಕಿಕೊಟ್ಟರು. ಮೊದಲು ಮೂಲ ಓದಬೇಕು. ಪುರಾಣದ ಪದ್ಯವೂ ತಮಗೆ ತಿಳಿಯುವುದಿಲ್ಲ, ಹಾಗೆಂದು ಅದನ್ನು ಬಿಡುತ್ತಾರೆಯೇ ಎಂದರು. ಆದ್ದರಿಂದ ನಾನು ಇಂಗ್ಲಿಷನ್ನು ಗಟ್ಟಿಯಾಗಿ ಓದುವುದು, ಕನ್ನಡದಲ್ಲಿ ಹೇಳುವುದು, ಆಮೇಲೆ ಪಾದ್ರಿ ಅರ್ಥ ಬಿಡಿಸುವುದು. ಬರೆದವರ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ‘ಜರ್ಮನ್ ಸ್ವಾಮಿಗಳು’ ಎಂದಾಯಿತು.

ಮೊಣಕಾಲೂರುವ ಅಧ್ಯಾಯ ಬಂದ ದಿನ ಗೊಂದಲವಾಯಿತು. ನಮ್ಮಲ್ಲಿ ಉದ್ದಕ್ಕೆ ಬಿದ್ದು ನಮಸ್ಕಾರ ಮಾಡುವುದುಂಟು, ನಿಂತು ಕೈ ಮುಗಿಯುವುದುಂಟು. ಮೊಣಕಾಲ ಮೇಲೆ ನಿಲ್ಲುವುದು ಸಾಲೆಯಲ್ಲಿ ಪಾಠ ಬಾರದವರು.

“ಸ್ವಾಮಿಗಳು ಸಣ್ಣವರಿದ್ದಾಗ ಮಾಸ್ತರನ ಕಡೆ ಭಾಳ ಶಿಕ್ಷಾ ತಿಂದಾರ, ಪಾಪ” ಎಂದು ಒಬ್ಬಾಕೆ ಅಂದಳು. ಎಲ್ಲರೂ ಮರುಗಿದರು.

ಮೆಟ್ಟಿಲ ಮೇಲಿಂದ ಇಮಾಮಸಾಬರು ಕೆಮ್ಮಿದರು. “ಶಿಕ್ಷಾ ಅಲ್ಲವಾ. ನಮ್ಮ ನಮಾಜಿನ್ಯಾಗೂ ಮೊಳಕಾಲ ಊರೂದು ಐತಿ. ಎತ್ತರ ಇದ್ದಾಂವ ತಾನs ಗಿಡ್ಡ ಆಗೂದು ಅದು. ಯಾರೂ ಗಿಡ್ಡ ಮಾಡೂದಲ್ಲ.”

ಪಾದ್ರಿ ಸದ್ದು ಬಂದ ಕಡೆ ತಿರುಗಿ, “ಸಾಬರ, ನನ್ನ ಕೆಲಸಾ ನೀವs ಮಾಡಿದ್ರಿ” ಎಂದರು.

“ಹಂಗಾರ ಅಜ್ಜಾರ, ನಾಳಿಂದ ಗಾಡಿ ನೀವು ಹೊಡೀರಿ.”

ಬೂದಿಯ ಅಧ್ಯಾಯದಂದು ಜಗಳವೇ ಆಯಿತು. ಅವರ ಪದ್ಧತಿಯಲ್ಲಿ ವರ್ಷಕ್ಕೊಮ್ಮೆ ಹಣೆಗೆ ಬೂದಿ ಹಚ್ಚಿ, ನೀನು ಮಣ್ಣಿಗೆ ಸೇರುವವನೆಂದು ನೆನಪಿಸುತ್ತಾರೆ. ಜರ್ಮನ್ ಸ್ವಾಮಿಗಳು ಅದರ ಮೇಲೆ, ಅರಳಿದ್ದೆಲ್ಲ ಬಾಡುವುದರ ಮೇಲೆ ಬರೆದಿದ್ದರು. ನಾನು ಕನ್ನಡದಲ್ಲಿ ಹೇಳಿ ಮುಗಿಸುವ ಮೊದಲೇ ದೊಡ್ಡವ್ವ ಕೈ ಎತ್ತಿದಳು.

“ನಿಲ್ಲ. ವಿಭೂತಿ ಸಾವಿನ ಮಾತೇನ? ನಾವು ದಿನಾ ಹಚ್ಚಿಕೊಂತೇವಿ. ಸುಡೂದೆಲ್ಲಾ ಸುಟ್ಟ ಮ್ಯಾಲೆ ಉಳದದ್ದು ಅದು. ಇನ್ನs ಅದನ್ನ ಯಾವ ಬೆಂಕಿ ಸುಡತೈತಿ? ಸ್ವಾಮಿಗಳಿಗೆ ಹೇಳ್ರಿ, ಇಲ್ಲೆ ತಪ್ಪೈತಿ ಅಂತ.”

ಪಾದ್ರಿ ತಮ್ಮ ಹಣೆಯನ್ನೊಮ್ಮೆ ಬೆರಳಿನಿಂದ ಮುಟ್ಟಿಕೊಂಡರು. ಆಮೇಲೆ, “ಹೇಳ್ತೇನಿ ಅವ್ವಾ, ಭೆಟ್ಟಿ ಆದ್ರ” ಎಂದರು. ತಪ್ಪಿದೆ ಎಂದು ಅವರು ಒಪ್ಪಲಿಲ್ಲ; ಇಲ್ಲ ಎಂದೂ ಹೇಳಲಿಲ್ಲ. ಎರಡು ಎದುರುಬದುರು ಸತ್ಯಗಳು ಒಂದನ್ನೊಂದು ಕೊಲ್ಲದೆ ಒಂದೇ ಬದುಕಿನಲ್ಲಿ ಜಗ್ಗಾಡಿಕೊಂಡಿರಬಹುದು ಎಂಬ ವಿಚಾರ ಆ ಪಂಡಿತರ ಇನ್ನೊಂದು ಪುಸ್ತಕದಲ್ಲಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ನಾನೊಬ್ಬಳೇ ಅದನ್ನು ಓದುತ್ತಿದ್ದೆ, ತಲೆಗೆ ಹತ್ತಿರಲಿಲ್ಲ. ಆ ಸಂಜೆ ಪಡಸಾಲೆಯಲ್ಲಿ ಕುಳಿತ ಪಾದ್ರಿ, ದೊಡ್ಡವ್ವ ಇಬ್ಬರನ್ನೂ ನೋಡಿ ಅಷ್ಟಿಷ್ಟು ಹತ್ತಿತು. ಮೂರನೆಯ ಪುಸ್ತಕ ಪೂಜೆಯನ್ನು ಮಕ್ಕಳ ಆಟಕ್ಕೆ ಹೋಲಿಸಿತ್ತು. ಫಲಕ್ಕಾಗಿ ಆಡುವ ಆಟ ಆಟವಲ್ಲ. ಪೂಜೆಯೂ ಹಾಗೆಯೇ ಎಂದು. ದೊಡ್ಡವ್ವನಿಗೆ ಇದನ್ನು ಹೇಳಿದಾಗ, “ಆಟಕ್ಕೂ ಕಾಯ್ದೆ ಇರತಾವ ನೋಡ” ಎಂದಳು. ಆ ಮಾತು ಎಷ್ಟು ಗಂಭೀರದ್ದೆಂದು ಆಗ ನನಗೆ ಗೊತ್ತಿರಲಿಲ್ಲ.

ಗೊತ್ತಾದದ್ದು ಮಳೆ ಹೊಳವಾದ ಒಂದು ದಿನ. ಕಳೆ ಬಹಳ ಬೆಳೆದಿದೆ, ನಾಲ್ಕು ದಿನ ಪುರಾಣ ನಿಲ್ಲಿಸೋಣ ಎಂದು ಯಾರೋ ಅಂದರು. ದೊಡ್ಡವ್ವನ ಮುಖದ ಬಣ್ಣವೇ ಬದಲಾಯಿತು. ಮನೆಗೆ ನಡೆಯುವಾಗ, ಕಾಲಿಗೆ ಮೆತ್ತಿದ ಎರೆಯನ್ನು ಕಲ್ಲಿಗೆ ಒರೆಸುತ್ತ, ಅವಳು ನನಗೆ ಹೇಳಿದಳು. ಹಿರೇಕೆರೂರು ಕಡೆಯ ಆ ಮನೆಯಲ್ಲಿ ಅವಳ ಗಂಡ ಒಂದು ಶ್ರಾವಣದಲ್ಲಿ ಪುರಾಣ ಹಚ್ಚಿಸಿದ್ದನಂತೆ. ಅರ್ಧಕ್ಕೆ ಬಂದಾಗ ಹೊಲದ ಬದುವಿನ ವಿಷಯಕ್ಕೆ ಅಣ್ಣತಮ್ಮಂದಿರಲ್ಲಿ ಜಗಳವಾಗಿ ಓದುವವರು ಎದ್ದು ಹೋದರು. ಕೊನೆಯ ದಿನ ಕಾಯಿ ಒಡೆದು ಪುರಾಣ ಮುಗಿಸುವ ಮಂಗಲವಾಗಲಿಲ್ಲ. ದೀಪಾವಳಿಯೊಳಗೆ ಗಂಡ ಹೋದ.

“ಅದರಿಂದs ಹೋದ್ರೇನು ದೊಡ್ಡವ್ವ? ಜ್ವರ ಬಂದಿತ್ತಂತಲ್ಲ.”

“ಜ್ವರ ಎಲ್ಲಾರಿಗೂ ಬರತಾವ. ನಿನಗೂ ಬಂದಾವ. ಮಂಗಲ ಆಗಲಾರದ ಪುರಾಣ ಬಾಗಲದಾಗ ಬಂದು ಕುಂದ್ರತೈತಿ, ಗಿರಿಜಾ. ಒಳಗಿದ್ದವರನ್ನ ಒಬ್ಬರನ್ನರs ಕರಕೊಂಡ ಹೋಗತೈತಿ. ಅಜ್ಜಾರ ಮನ್ಯಾಗ ದೀಪಾ ಹಚ್ಚಿದಾಕಿ ನಾನು. ಅವರು ಕೇಳಿದ್ದಿಲ್ಲ. ಮುಗಸೂದು ನನ್ನ ಮ್ಯಾಲೈತಿ.”

ಅಂದಿನಿಂದ ಓದು ಒಂದು ದಿನವೂ ತಪ್ಪಲಿಲ್ಲ. ಮಳೆ ಎಷ್ಟಿದ್ದರೂ ಜನ ಗೋಣಿಕೊಪ್ಪೆ ಹಾಕಿಕೊಂಡು ಬಂದರು. ಕೇರಿಯವರು ಮೊದಲಿನಿಂದಲೂ ಅಂಗಳದಲ್ಲಿ, ಸೂರಿನ ಕೆಳಗೆ ಕೂರುತ್ತಿದ್ದರು. ಮಳೆ ಜೋರಾದ ಒಂದು ಸಂಜೆ ಪಾದ್ರಿ ಅವರನ್ನು ಮೇಲೆ ಕರೆದರು, ಅವರು ಬಂದರು, ದೊಡ್ಡವ್ವ ತನ್ನ ಚಾಪೆಯನ್ನು ಸರಿಸಿ ಜಾಗ ಕೊಟ್ಟಳು. ಹೀಗೆಂದು ನನ್ನ ನೆನಪು ಹೇಳುತ್ತದೆ. ದಿನಚರಿಯಲ್ಲಿ, ‘ಕೇರಿಯವರು ಪಡಸಾಲೆಗೆ ಬಂದರು, ದೊಡ್ಡವ್ವ ಚಾಪೆ ಸರಿಸಿದಳು’ ಎಂದಷ್ಟೇ ಇದೆ. ಜಾಗ ಕೊಡಲು ಸರಿಸಿದಳೋ, ದೂರವಾಗಲು ಸರಿಸಿದಳೋ ನಾನು ಬರೆದಿಲ್ಲ. ದೊಡ್ಡವ್ವನ ಮೇಲಿನ ಪ್ರೀತಿ ಒಂದನ್ನು ಆರಿಸಿಕೊಂಡಿದೆ. ಅದು ಸತ್ಯವೆಂದು ಆಣೆ ಹಾಕಲಾರೆ.

ಇನ್ನು ನಾಲ್ಕು ಅಧ್ಯಾಯ ಉಳಿದಿದ್ದಾಗ ಶಿಗ್ಗಾಂವಿಯಿಂದ ಪೊಲೀಸ್ ಫೌಜದಾರರು ಬಂದರು. ಬಾಗಿಲಲ್ಲಿ ಸೈಕಲ್ ನಿಲ್ಲಿಸಿ, ದೀಪವನ್ನೂ ಪುಸ್ತಕವನ್ನೂ ಕಂಡು, ಪದ್ಧತಿಯಂತೆ ಚಪ್ಪಲಿ ಬಿಟ್ಟು ಒಂದು ಮೂಲೆಯಲ್ಲಿ ಕುಳಿತರು. ನಡುವೆ ಎದ್ದು ಮಾತಾಡುವುದು ಅವರಿಗೂ ಸರಿ ಕಾಣಲಿಲ್ಲ. ಅಧ್ಯಾಯ ಮುಗಿದ ಮೇಲೆ ದೊಡ್ಡವ್ವನನ್ನು ಕೇಳಿದರು.

“ಯಾವ ಪುರಾಣ ನಡದೈತ್ರಿ, ಅವ್ವಾರ?”

“ಜರ್ಮನ್ ಸ್ವಾಮಿಗಳದ್ದರಿ” ಎಂದಳು ದೊಡ್ಡವ್ವ, ಹೆಮ್ಮೆಯಿಂದ.

ನನಗೂ ಪಾದ್ರಿಗೂ ಆ ಮಾತಿನ ಭಾರ ತಿಳಿದಿತ್ತು. ಪಾದ್ರಿಯ ಕೈ ಪೀಠದ ಮೇಲೆ ಹಾಗೆಯೇ ನಿಂತಿತು. ಫೌಜದಾರರು ಟೊಪ್ಪಿಗೆ ತೆಗೆದು, ಒಳಗಡೆ ನೋಡಿ, ಮತ್ತೆ ತಲೆಗೆ ಹಾಕಿಕೊಂಡರು.

“ಅವ್ವಾರ, ಲಡಾಯಿ ನಡದೈತಿ. ಜರ್ಮನಿ ನಮ್ಮ ಸರಕಾರದ ವೈರಿ. ನೀವು ಅಂದದ್ದನ್ನ ನಾ ಬರಕೊಂಡ್ರ ಇಡೀ ಊರನ್ನs ಗಾಡಿಗೆ ಹೇರಬೇಕಾಗ್ತೈತಿ.”

“ಬರಕೋಬ್ಯಾಡ್ರಿ ಮತ್ತ. ಆ ಸ್ವಾಮಿಗಳಿಗೂ ಆ ಸರಕಾರಕ್ಕೂ ಕೂಡಿ ಬರೂದಿಲ್ಲಂತ, ಅಜ್ಜಾರು ಹೇಳ್ಯಾರ. ನಿಮ್ಮ ಕಡೀಯವರs ಅವರು.”

ಅವರು ನಕ್ಕರು. ಆದರೆ ಬಂದ ಕೆಲಸ ಬೇರೆ ಇತ್ತು. ಇಟಲಿಯೂ ಯುದ್ಧಕ್ಕೆ ಇಳಿದಿತ್ತು. ಆ ದೇಶದವರನ್ನೆಲ್ಲ ಒಂದೆಡೆ ಕೂಡಿಹಾಕುವಂತೆ ಮೇಲಿನಿಂದ ಹುಕುಂ ಬಂದಿತ್ತು. ಪಾದ್ರಿಯವರು ನಾಳೆ ಬೆಳಗಿನ ಗಾಡಿಗೆ ಹೊರಡಬೇಕು. ಕ್ಯಾಂಪು ಎಲ್ಲಿದೆ, ಎಷ್ಟು ದಿನ ಎನ್ನುವುದು ತನಗೂ ತಿಳಿಯದು ಎಂದರು. ಹೇಳುವಾಗ ಅವರ ದನಿ ಇಳಿದಿತ್ತು. ಅವರ ಮಗಳ ನಾಯಿಕೆಮ್ಮಿಗೆ ಹೋದ ವರ್ಷ ಇದೇ ಕಪಾಟಿನಿಂದ ಔಷಧ ಹೋಗಿತ್ತೆಂದು ಆಮೇಲೆ ಕೇಳಿದೆ.

ದೊಡ್ಡವ್ವ ಕ್ಯಾಂಪಿನ ಬಗ್ಗೆ ಕೇಳಲಿಲ್ಲ. “ಮಂಗಲ ಆಗಿಲ್ಲರಿ” ಎಂದಳು.

“ಹುಕುಂ ಐತ್ರಿ ಅವ್ವಾ.”

“ಮೂರು ಅಧ್ಯಾಯ ಉಳದಾವ್ರಿ. ಗಾಡಿ ಎಷ್ಟೊತ್ತಿಗೆ?”

“ಎಂಟಕ್ಕ. ಬರೂದು ಅದರ ಮನಸಿಗೆ ಬಂದಾಗ.”

“ಹಂಗಾರ ಸ್ಟೇಶನ್ನಿನ್ಯಾಗ ಓದ್ತೇವಿ. ಅಲ್ಲೆ ಓದಬಾರದಂತ ಹುಕುಂ ಐತೇನ್ರಿ?”

ಅಂಥ ಹುಕುಂ ಇರಲಿಲ್ಲ. ಆ ಸಂಜೆ ಮುಂದೆ ಓದಲಾಗಲಿಲ್ಲ. ಯಾವ ಬಾಟಲಿಯಲ್ಲಿ ಏನಿದೆಯೆಂದು ಪಾದ್ರಿ ಮೂಸಿ ಮೂಸಿ ಹೇಳುತ್ತಿದ್ದರು, ನಾನು ಚೀಟಿ ಅಂಟಿಸುತ್ತಿದ್ದೆ. ಕೇರಿಯ ಹೆಂಗಸರು ಅವರ ಗುಡಿಯಲ್ಲಿ ಮೊಣಕಾಲೂರಿ ಅಳುತ್ತಿದ್ದರು.

ಬೆಳಿಗ್ಗೆ ಇಮಾಮಸಾಬರ ಎಲೆಗಾಡಿಯಲ್ಲಿ ಬುಟ್ಟಿಗಳ ನಡುವೆ ಪಾದ್ರಿಯ ಟ್ರಂಕು, ಪಾದ್ರಿ, ದೊಡ್ಡವ್ವ ಮತ್ತು ವ್ಯಾಸಪೀಠ. ಹಿಂದೆ ಸೈಕಲ್ ಮೇಲೆ ಫೌಜದಾರರು. ಅವರ ಹಿಂದೆ ನಾವೆಲ್ಲ. ಸ್ಟೇಶನ್ನಿನಲ್ಲಿ ದೊಡ್ಡವ್ವ ಎರಡು ಎಲೆಬುಟ್ಟಿಗಳನ್ನು ಒಂದರ ಮೇಲೊಂದು ಇಡಿಸಿ ಅದರ ಮೇಲೆ ಪೀಠ ಇಟ್ಟಳು. ಹಣತೆ ಗಾಳಿಗೆ ಆರುತ್ತಿತ್ತು. ಫೌಜದಾರರು ತಮ್ಮ ಟೊಪ್ಪಿಗೆ ಅಡ್ಡ ಹಿಡಿದರು. ತೆಂಗಿನಕಾಯಿ, ಸಕ್ಕರೆ ಅವಳ ಉಡಿಯಲ್ಲಿದ್ದವು. ನಾನು ನಿಂತೇ ಓದಿದೆ. ಮೊದಲು ಗಂಟೆಯ ಅಧ್ಯಾಯ. ಅದರ ನಡುವೆ ಸ್ಟೇಶನ್ನಿನ ಗಂಟೆಯೇ ಬಾರಿಸಿ ಎಲ್ಲರೂ ನಕ್ಕರು. ಆಮೇಲೆ ಧೂಪ. ಬೆಲೆಯುಳ್ಳದ್ದನ್ನು ಏನೂ ಕೇಳದೆ ಸುಟ್ಟುಬಿಡುವುದು, ವ್ಯರ್ಥವೇ ಅದರ ಚೆಲುವು ಎಂಬ ಅಧ್ಯಾಯ. ಇಮಾಮಸಾಬರು ಕೆಂಡ ಎಲ್ಲಿಂದ ತಂದರೋ, ಒಂದು ಚೂರು ಲೋಬಾನ ಹಾಕಿದರು. ಪಾದ್ರಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ಅವರಿಗೆ ಕಣ್ಣು ತೆರೆದರೂ ಮುಚ್ಚಿದರೂ ಅಷ್ಟೇ ಇತ್ತು.

ಉಳಿದದ್ದು ಕೊನೆಯ ಅಧ್ಯಾಯ, ಹೊಸ್ತಿಲನ್ನು ಕುರಿತದ್ದು. ಎರಡೇ ಪುಟ. ರೈಲಿನ ಹೊಗೆ ದೂರದಲ್ಲಿ ಕಾಣುತ್ತಿತ್ತು. ಬೇಗ ಓದಿದರೆ ಮುಗಿಯುತ್ತದೆ. ನಾನು ಹಾಳೆ ತಿರುವಿದೆ. ದೊಡ್ಡವ್ವ ಹಾಳೆಯ ಮೇಲೆ ತನ್ನ ಅಂಗೈ ಇಟ್ಟಳು.

“ಸಾಕು.”

“ಎರಡs ಪುಟ ದೊಡ್ಡವ್ವ. ಮಂಗಲ ಆಗ್ತೈತಿ.”

“ಬ್ಯಾಡ.”

“ನೀನs ಅಲ್ಲ ಅಂದಾಕಿ, ಮಂಗಲ ಆಗಲಿಲ್ಲಂದ್ರ…”

“ಅಂದೇನಿ. ರಾತ್ರೆಲ್ಲಾ ಅದನ್ನs ವಿಚಾರ ಮಾಡೇನಿ.” ಅವಳು ಪಾದ್ರಿಯ ಕಡೆ ತಿರುಗಿದಳು. “ಅಜ್ಜಾರ, ಪೂರಾ ಕೇಳಿ ಎದ್ದು ಹೋದವರು ತಿರುಗಿ ಯಾಕ ಬರ್ತಾರ್ರಿ? ಎರಡು ಪುಟ ಉಳೀಲಿ. ಪುರಾಣ ನಿಂತಿಲ್ಲ, ನಡದೈತಿ. ಪೀಠ, ಪುಸ್ತಕ ನಮ್ಮ ಮನ್ಯಾಗ ಇರತಾವ, ದಿನಾ ದೀಪಾ ನಾ ಹಚ್ತೇನಿ. ಕುಂದ್ರೂದಿದ್ರ ನನ್ನ ಬಾಗಲದಾಗ ಬಂದು ಕುಂದ್ರಲಿ ಅದು. ನೀವು ಬಂದು ಕೇಳಿದ ದಿನಾ ಮಂಗಲ.”

ಅವಳು ಯಾವುದಕ್ಕೆ ಹೆದರಿ ಇಷ್ಟು ವರ್ಷ ಬದುಕಿದ್ದಳೋ ಅದನ್ನೇ ಮನೆಗೆ ಕರೆಯುತ್ತಿದ್ದಳು. ಪಾದ್ರಿಗೆ ಅದು ಅರ್ಥವಾಗಿತ್ತು ಎಂದು ಅವರ ಮುಖ ನೋಡಿದರೆ ತಿಳಿಯುತ್ತಿತ್ತು. ಗಾಡಿ ಬಂತು. ಅವರು ಕೈ ಚಾಚಿದರು. ದೊಡ್ಡವ್ವ ಆ ಅಂಗೈ ಮೇಲೆ ಒಂದು ವೀಳ್ಯದೆಲೆ ಇಟ್ಟು, ಅದರ ಮೇಲೆ ಚಿಟಿಕೆ ಸಕ್ಕರೆ ಇಟ್ಟಳು.

“ಬರಿಗೈಲೆ ಹೋಗಬ್ಯಾಡ್ರಿ.”

ಆಮೇಲೆ ಫೌಜದಾರರಿಗೂ ಸಕ್ಕರೆ ಕೊಟ್ಟಳು. ಅವರು ಕಣ್ಣಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡರು. ತೆಂಗಿನಕಾಯಿ ಒಡೆಯದೆ ಮನೆಗೆ ಮರಳಿತು.

ನನ್ನ ಜ್ವರ ಬಿಟ್ಟಿತು. ಅಪ್ಪ ತಂದ ಸಂಬಂಧವೂ ಬಿಟ್ಟುಹೋಯಿತು. ಮುಂದೆ ಹುಬ್ಬಳ್ಳಿಯ ಹೆಣ್ಣುಮಕ್ಕಳ ಸಾಲೆಯೊಂದರಲ್ಲಿ ಕೆಲಸ ಸಿಕ್ಕಿತು. ಆ ಪಂಡಿತರ ಬೇರೆ ಪುಸ್ತಕಗಳನ್ನು ಸಿಕ್ಕಲ್ಲೆಲ್ಲ ಹುಡುಕಿ ಓದಿದೆ. ಕೆಲವು ಒಳಗೆ ಇಳಿದವು, ಕೆಲವು ಇಳಿಯಲಿಲ್ಲ. ಎಷ್ಟೋ ಕಡೆ ನನಗೂ ದೊಡ್ಡವ್ವನಂತೆ ‘ನಿಲ್ಲ, ಇಲ್ಲೆ ತಪ್ಪೈತಿ’ ಎನ್ನುವಂತಾಗಿದೆ, ಆದರೂ ಬಿಟ್ಟಿಲ್ಲ. ಅವರ ದೇವರನ್ನು ನಾನು ನಂಬುತ್ತೇನೆಯೇ ಎಂದು ಯಾರಾದರೂ ಕೇಳಿದರೆ ಉತ್ತರ ಗೊತ್ತಿಲ್ಲ. ಅವರನ್ನು ಓದಿದ ಮೇಲೆ ದೀಪ ಹಚ್ಚುವಾಗ ಕೈ ನಿಧಾನವಾಗುತ್ತದೆ, ಅಷ್ಟು ಗೊತ್ತು. ಪ್ರತಿ ಶ್ರಾವಣದಲ್ಲೂ ದೊಡ್ಡವ್ವನ ಪಡಸಾಲೆಯಲ್ಲಿ ಆ ಚಿಕ್ಕ ಪುಸ್ತಕವನ್ನು ಮೊದಲಿನಿಂದ ಓದುತ್ತಿದ್ದೆ; ಕೊನೆಯ ಅಧ್ಯಾಯಕ್ಕೆ ಬಂದು ನಿಲ್ಲಿಸುತ್ತಿದ್ದೆ. ಹುಬ್ಬಳ್ಳಿಯಲ್ಲಿ ಅದರದೇ ಇನ್ನೊಂದು ಪ್ರತಿ ಕೈಗೆ ಬಂದಿತ್ತು. ಹೊಸ್ತಿಲ ಅಧ್ಯಾಯ ಬಿಚ್ಚಿ, ಓದದೆ ಮುಚ್ಚಿದೆ. ಅದು ಭಕ್ತಿಯೋ ದೊಡ್ಡವ್ವನ ಹೆದರಿಕೆಯೋ ಹೇಳಲಾರೆ.

ಯುದ್ಧ ಮುಗಿದ ಮೇಲಿನ ಒಂದು ಶ್ರಾವಣದಲ್ಲಿ ಇಮಾಮಸಾಬರ ಗಾಡಿಯಿಂದ ಪಾದ್ರಿ ಇಳಿದರು. ಬಹಳ ಸೊರಗಿದ್ದರು. ಕ್ಯಾಂಪಿನ ಒಬ್ಬ ಡಾಕ್ಟರು ಪೊರೆ ತೆಗೆದಿದ್ದರಂತೆ. ಕಣ್ಣಿಗೆ ದಪ್ಪ ಗಾಜು ಬಂದಿತ್ತು. ಇಳಿದವರೇ ದೊಡ್ಡವ್ವನ ಮುಖವನ್ನು ಹತ್ತಿರದಿಂದ ನೋಡಿದರು. ಅಷ್ಟು ವರ್ಷ ಪರಿಚಯವಿದ್ದರೂ ಆ ಮುಖವನ್ನು ಸ್ಪಷ್ಟವಾಗಿ ನೋಡದೆ ಎಷ್ಟೋ ಕಾಲವಾಗಿತ್ತು.

“ಅವ್ವಾರ, ಬಂದೇನಿ” ಎಂದರು.

ದೊಡ್ಡವ್ವ ನನ್ನ ಕಡೆ ನೋಡಿದಳು. “ಏನಂತ?”

ಈ ನಡುವೆ ಅವಳ ಕಿವಿ ಹೋಗಿತ್ತು. ಕೂಗಿ ಹೇಳಿದರೆ ಅರ್ಧ ತಿಳಿಯುತ್ತಿತ್ತು. ತನಗೆ ಬೇಡದ ಮಾತಾದರೆ ಅದೂ ಇಲ್ಲ.

ಆ ಸಂಜೆ ಪಾದ್ರಿಯ ಮನೆಯ ಅದೇ ಪಡಸಾಲೆಯಲ್ಲಿ ಪೀಠ ಇಟ್ಟರು. ಹಳಬರೆಲ್ಲ ಬಂದರು. ಹೊಸ ತೆಂಗಿನಕಾಯಿ ಬಂತು. ಗೋಧಿ ಹುಗ್ಗಿ ಒಲೆಯ ಮೇಲಿತ್ತು. ಓದಿದವರು ಪಾದ್ರಿಯೇ, ಇಂಗ್ಲಿಷನ್ನೂ ಅವರೇ, ಕನ್ನಡವನ್ನೂ ಅವರೇ. ಬಾಗಿಲು ಎಂದರೆ ಗೋಡೆಯಲ್ಲಿ ಬಿಟ್ಟ ತೂತಲ್ಲ. ಹೊರಗಿನವರಿಗಾಗಿ ಮನೆ ಕಾಯುವುದು ಹೊಸ್ತಿಲಲ್ಲಿ ಎಂಬಂತೆ ಏನೋ ಇತ್ತು. ನನಗೆ ಪೂರ್ತಿ ನೆನಪಿಲ್ಲ. ನಾನು ದೊಡ್ಡವ್ವನನ್ನೇ ನೋಡುತ್ತಿದ್ದೆ. ಅವಳು ಪಾದ್ರಿಯ ಎದುರೇ ಕುಳಿತು, ಸಾಲಿನಿಂದ ಸಾಲಿಗೆ ಸರಿಯುವ ಅವರ ಬೆರಳನ್ನೇ ನೋಡುತ್ತಿದ್ದಳು.

ಓದು ಮುಗಿಯಿತು. ಯಾರೋ ತೆಂಗಿನಕಾಯಿ ಎತ್ತಿದರು.

“ಮುಗೀತೇನು?” ಎಂದಳು ದೊಡ್ಡವ್ವ.

ನಾನು ತಲೆಯಾಡಿಸಿದೆ.

“ನನಗ ಒಂದಕ್ಷರಾನೂ ಕೇಳಸಲಿಲ್ಲ.” ಅವಳು ಎದ್ದು, ಆ ಕೈಯಿಂದ ಕಾಯಿ ತೆಗೆದುಕೊಂಡು, ಉಡಿಯಲ್ಲಿಟ್ಟು ಮತ್ತೆ ಕುಳಿತಳು. “ದೀಪಾ ಹಚ್ಚಿದಾಕೀಗೆ ಕೇಳಸಲಿಲ್ಲಂದ ಮ್ಯಾಲೆ ಮಂಗಲ ಹೆಂಗಾತು? ಬರೂ ಶ್ರಾವಣಕ್ಕ ಇನ್ನಷ್ಟು ಜೋರ ಓದ್ರಿ, ಅಜ್ಜಾರ. ಈಗ ಎಲ್ಲಾರೂ ಏಳ್ರಿ, ಹುಗ್ಗಿ ಆರತೈತಿ.”

ಪಾದ್ರಿ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ತಲೆ ಎತ್ತದೆ, ತಮಗೆ ತಾವೇ ಎಂಬಂತೆ, “ಆಗ್ಲಿ ಅವ್ವಾ, ಬರ್ತೇನಿ” ಎಂದರು. ಪಕ್ಕದಲ್ಲೇ ಕುಳಿತ ನನಗೂ ಅದು ಸರಿಯಾಗಿ ಕೇಳಿಸಲಿಲ್ಲ.

“ಹೂಂ” ಎಂದಳು ದೊಡ್ಡವ್ವ, ಪೀಠ ಮಡಿಸುತ್ತ.